ಬಲಗಡೆಯ ಡಬ್ಬಿ

ಮಲೇಷ್ಯಾದಲ್ಲಿ ನಾಲ್ಕು ವರ್ಷ ಸಂಸಾರ ಮಾಡಿದವರ ಮನೆಗೆ ಹೋದರೆ ಅಡಿಗೆಮನೆಯ ಕೆಳಗಿನ ಕಪಾಟನ್ನು ಮಾತ್ರ ತೆರೆಯಬೇಡಿ. ತೆರೆದಿರೋ, ಪ್ಲಾಸ್ಟಿಕ್ ಡಬ್ಬಿಗಳು ದಬದಬನೆ ಕಾಲ ಮೇಲೆ ಉರುಳುತ್ತವೆ. ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬರುವುದಕ್ಕೆ ಇಲ್ಲಿ ‘ತಪಾವ್’ ಎನ್ನುತ್ತಾರೆ. ಊಟ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಡಬ್ಬಿ ಉಳಿಯುತ್ತದೆ. ತೊಳೆದಿಟ್ಟರೆ ಮುಂದೆ ಯಾವುದಕ್ಕಾದರೂ ಬಂದೀತು ಎಂಬ ಆಸೆಯಲ್ಲಿ ಎಲ್ಲರೂ ಇಡುತ್ತಾರೆ, ಯಾವುದಕ್ಕೂ ಬರುವುದಿಲ್ಲ.

ಕಳೆದ ವಾರ ಪುಚೊಂಗಿನ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಶುಭಾ ಸೆರಗು ಸಿಕ್ಕಿಸಿಕೊಂಡು ಆ ಕಪಾಟಿಗೆ ಕೈ ಹಾಕಿದಳು. ಡಬ್ಬಿಗಳ ಒಂದು ಇಡೀ ಊರೇ ಕಸದ ಚೀಲಕ್ಕೆ ಹೋಯಿತು. ಎರಡನ್ನು ಮಾತ್ರ ನಾನು ಹಾರಿ ಹಿಡಿದುಕೊಂಡೆ.

“ರೀ, ಅದಕ್ಕೆ ಮುಚ್ಚಳಾನೂ ಇಲ್ಲ. ಏನಂತ ಇಟ್ಕೋತೀರ?”

ಒಂದರ ಮೇಲೆ ‘ಎಡ’ ಎಂದೂ ಇನ್ನೊಂದರ ಮೇಲೆ ‘ಬಲ’ ಎಂದೂ ಮಾರ್ಕರ್ ಪೆನ್ನಿನಲ್ಲಿ ಬರೆದಿದೆ. ಬರೆದವನು ನಾನೇ, ಈಗ ಹೇಳಲಿರುವ ಸಂಗತಿ ನಡೆದ ದಿನ ರಾತ್ರಿ. ಮೆಡಿಕಲ್ ಕಾಲೇಜಿನಲ್ಲಿ ರೋಗಶಾಸ್ತ್ರ ಪಾಠ ಮಾಡುವ ನನ್ನ ಅಕ್ಷರ ಮರುದಿನ ನನಗೇ ಓದಲು ಬರುವುದಿಲ್ಲ. ಆದರೆ ಆ ಎರಡು ಪದಗಳನ್ನು ಒಂದನೇ ಕ್ಲಾಸಿನ ಹುಡುಗನಂತೆ ನಾಲಿಗೆ ಕಚ್ಚಿಕೊಂಡು ದುಂಡಗೆ ಬರೆದಿದ್ದೇನೆ. ಯಾಕೆ ಎಂದು ಹೇಳಬೇಕಾದರೆ ಮೊದಲು ನನ್ನ ಹುಚ್ಚಿನ ವಿಷಯ ಹೇಳಬೇಕು.

ನನಗೆ ಗುರಿ ಹೊಡೆಯುವ ಹುಚ್ಚು. ಹೆದರಬೇಡಿ, ಹಂದಿ, ಹಕ್ಕಿ ಯಾವುದನ್ನೂ ಹೊಡೆದವನಲ್ಲ. ನಮ್ಮ ಮನೆಯ ಜಿರಲೆಯನ್ನು ಹೊಡೆಯುವುದೂ ಶುಭಾಳೇ. ನೆಲದ ಮೇಲೆ ಬೋರಲು ಮಲಗಿ, ಆರುನೂರು ಗಜ ದೂರದಲ್ಲಿ ನಿಲ್ಲಿಸಿದ ಹಲಗೆಯ ನಡುವಿನ ಕಪ್ಪು ವೃತ್ತಕ್ಕೆ ರೈಫಲಿನಿಂದ ಗುಂಡು ಹಾಕುವ ಆಟ ಇದು. ಸರಿಯಾಗಿ ನಡುವಿಗೆ ಬಿದ್ದರೆ ಐದು ಅಂಕ. ಹತ್ತು ಗುಂಡು, ಎಲ್ಲವೂ ನಡುವಿಗೆ ಬಿದ್ದರೆ ಐವತ್ತು. ಪುಚೊಂಗಿನಿಂದ ಒಂದು ಗಂಟೆಯ ದಾರಿಯಲ್ಲಿ, ಎಣ್ಣೆತಾಳೆ ತೋಟಗಳ ನಡುವೆ ನಮ್ಮ ಕ್ಲಬ್ಬಿನ ಮೈದಾನ ಇದೆ. ಈ ದೇಶದಲ್ಲಿ ಬಂದೂಕಿನ ಕಾನೂನು ಬಲು ಬಿಗಿ. ರೈಫಲು ಕ್ಲಬ್ಬಿನದು, ಮದ್ದು ಕ್ಲಬ್ಬಿನದು, ಅವನ್ನಿಟ್ಟು ಬೀಗ ಹಾಕುವ ಬೀರು ಕ್ಲಬ್ಬಿನದು. ನಮ್ಮದು ಎಂದು ಹೇಳಿಕೊಳ್ಳಲು ಇರುವುದು ಬೋರಲು ಮಲಗುವ ಹೊಟ್ಟೆ ಮಾತ್ರ. ಒಂದೇ ಒಂದು ಗುಂಡು ಜೇಬಿನಲ್ಲಿ ಮನೆಗೆ ಬಂದರೂ ಕಂಬಿ ಎಣಿಸಬೇಕಾದೀತು.

ಬೀಗದ ಕೈ ಇರುವುದು ಮೇಜರ್ ರಹೀಮ್ ಅವರ ಸೊಂಟದಲ್ಲಿ. ಇಲ್ಲಿಯ ಸೈನ್ಯದಿಂದ ನಿವೃತ್ತರಾದವರು, ಮೀಸೆ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಹಿತ್ತಾಳೆಯ ತೋಟಾಕ್ಕೆ ಮದ್ದು ತುಂಬಿ ಅದರ ಬಾಯಿಗೆ ಗುಂಡು ಕೂರಿಸುವವರು ಅವರೇ. ವರ್ಷಕ್ಕೊಮ್ಮೆ ಇನ್ನೊಂದು ಕ್ಲಬ್ಬಿನ ಜೊತೆ ನಡೆಯುವ ಪಂದ್ಯಕ್ಕೆ ಎಂಟು ಜನರ ತಂಡ ಆರಿಸುವವರೂ ಅವರೇ. ತಂಡಕ್ಕೆ ಬಂದವರಿಗೆ ಹಳದಿ ಟೋಪಿ ಕೊಡುತ್ತಾರೆ. ಬಾರದವರನ್ನು ಹಲಗೆಗಳ ಬುಡದಲ್ಲಿರುವ ಹೊಂಡಕ್ಕೆ ಇಳಿಸುತ್ತಾರೆ. ಪ್ರತಿ ಗುಂಡು ಬಿದ್ದ ಮೇಲೂ ಹಲಗೆಯನ್ನು ಕೆಳಗೆಳೆದು, ತೂತಿಗೆ ಕಾಗದ ಅಂಟಿಸಿ, ಮತ್ತೆ ಮೇಲೇರಿಸುವುದು ಅವರ ಕೆಲಸ.

ಮೂರು ವರ್ಷ ನಾನು ಹೊಂಡದಲ್ಲೇ ಇದ್ದೆ. ಇದು ನನಗೆ ಹೊಸದೇನಲ್ಲ. ಶಾಲೆಯಲ್ಲಿ ಲಗೋರಿಯಾಗಲಿ ಕಬಡ್ಡಿಯಾಗಲಿ, ಎರಡೂ ಕಡೆಯ ನಾಯಕರು ಆರಿಸಿ ಆರಿಸಿ ಕೊನೆಗೆ ಉಳಿಯುತ್ತಿದ್ದವನು ನಾನು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಯಾವುದಾದರೂ ಒಂದು ಬದಿಗೆ ನನ್ನನ್ನು ತಳ್ಳುತ್ತಿದ್ದರು. ಐವತ್ತೆರಡನೆಯ ವಯಸ್ಸಿನಲ್ಲಾದರೂ ಒಮ್ಮೆ ಲೆಕ್ಕಕ್ಕೆ ಬರಬೇಕು, ಆ ಹಳದಿ ಟೋಪಿ ತಲೆಯ ಮೇಲೆ ಕೂರಬೇಕು ಎಂದು ಆಸೆಯಾಗಿತ್ತು. ನಗಬೇಡಿ, ನಿಜವಾಗಿ ಆಗಿತ್ತು.

ಆಯ್ಕೆಗೆ ನಲವತ್ತೈದು ಅಂಕ ಬೇಕು. ನನಗೆ ಬರುತ್ತಿದ್ದದ್ದು ನಲವತ್ತೊಂದು, ನಲವತ್ತೆರಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೊದಲು ಗಾಳಿಯನ್ನು ಬೈದೆ, ಆಮೇಲೆ ಸೆಕೆಯನ್ನು ಬೈದೆ, ಆಮೇಲೆ ಕನ್ನಡಕವನ್ನು ಬದಲಾಯಿಸಿದೆ. ಬೈಯಲು ಏನೂ ಉಳಿಯದಾಗ ಕಣ್ಣಿಗೆ ಬಿದ್ದದ್ದು ಗುಂಡು.

ಕ್ಲಬ್ಬಿನಲ್ಲಿ ಪಂದ್ಯಕ್ಕೆಂದೇ ತರಿಸುವ ಗುಂಡು ಎರಡು ಬಗೆ. ಒಂದು ನೀಲಿ ಪೆಟ್ಟಿಗೆಯಲ್ಲಿ ಬರುತ್ತದೆ, ಇನ್ನೊಂದು ಕೆಂಪು ಪೆಟ್ಟಿಗೆಯಲ್ಲಿ. ಎರಡರ ಮೇಲೂ ನೂರೈವತ್ತೈದು ಗ್ರೇನ್ ಎಂದೇ ಬರೆದಿದೆ. ಗ್ರೇನ್ ಎಂದರೆ ಹಿಂದಿನ ಕಾಲದಲ್ಲಿ ಜವೆಗೋಧಿಯ ಒಂದು ಕಾಳಿನ ತೂಕವಂತೆ. ನಾನು ಪ್ರತಿ ಶನಿವಾರ ಕ್ಲಬ್ಬಿನ ಮೇಜಿನ ಮುಂದೆ ಕೂತು, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದೊಂದೇ ಗುಂಡನ್ನು ತೂಗಿ, ಕಾಳಿನ ಹತ್ತನೇ ಒಂದು ಭಾಗ ಹೆಚ್ಚಾದವನ್ನು ಒಂದು ಕಡೆ, ಕಡಿಮೆಯಾದವನ್ನು ಒಂದು ಕಡೆ ಇಡತೊಡಗಿದೆ. ನೀಲಿಯದರ ಲೆಕ್ಕ ನೀಲಿ ಶಾಯಿಯಲ್ಲಿ, ಕೆಂಪಿನದು ಕೆಂಪು ಶಾಯಿಯಲ್ಲಿ. ಒಂದು ವಾರ ನೀಲಿಗೆ ನಲವತ್ತೆರಡು, ಕೆಂಪಿಗೆ ನಲವತ್ತೊಂದು. ಮರುವಾರ ಕೆಂಪಿಗೆ ನಲವತ್ತೆರಡು, ನೀಲಿಗೆ ನಲವತ್ತೊಂದು. ನಾಲ್ಕು ತಿಂಗಳಲ್ಲಿ ಮೂರು ನೋಟ್‌ಬುಕ್ ತುಂಬಿದವು. ಎರಡು ಪಟ್ಟಿಗಳಲ್ಲೂ ಬದಲಾಗದೆ ಉಳಿದದ್ದು ನಾನೊಬ್ಬನೇ ಎಂಬುದು, ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನ ಕಲಿಸುವ ನನಗೆ ಹೊಳೆಯಲಿಲ್ಲ.

ಮೇಜರ್ ಒಂದು ದಿನ ಸಹನೆ ಕೆಟ್ಟು, ಮಾತಿನ ಕೊನೆಗೆ ‘ಲಾ’ ಹಚ್ಚುವ ಇಲ್ಲಿಯ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟರು, “ಡಾಕ್ಟರ್, ಬುಲೆಟ್ ಎರಡೂ ಗುಡ್ ಲಾ. ಪ್ರಾಬ್ಲಮ್ ಇರೋದು ಬುಲೆಟ್ ಹಿಂದೆ.”

ನಾನು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡೆ. ಈ ಗುಂಡುಗಳ ಹಿಂಬದಿ ದೋಣಿಯ ಹಿಂಬದಿಯಂತೆ ಸ್ವಲ್ಪ ಸಪೂರ ಇರುತ್ತದೆ. ಒಂದು ತಿಂಗಳು ಕೂತು ಇನ್ನೂರು ಗುಂಡುಗಳ ಹಿಂಬದಿಯನ್ನು ಅಳೆದೆ.

ಆ ಹೊತ್ತಿಗೆ ಊರಿನಿಂದ ಗಿರಿಜಾ ಚಿಕ್ಕಮ್ಮ ಬಂದರು. ನನ್ನ ಅಮ್ಮನ ತಂಗಿ, ಎಪ್ಪತ್ತೊಂದು ವರ್ಷ. ಕಾರ್ಕಳದ ಕಡೆ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ಬೀಜ ಆರಿಸುವ ಕೆಲಸ ಮಾಡಿದವರು. ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳು ಜಾಸ್ತಿ, ಚಿಕ್ಕಮ್ಮನ ಮನೆಯ ಹತ್ತಿರ ಶಾಲೆ, ಕಾಲೇಜು ಎರಡೂ ಇದ್ದವು; ಹಾಗೆ ನಾನು ಎಂಟು ವರ್ಷ ಅವರ ಮನೆಯಲ್ಲಿದ್ದು ಓದಿದವನು. ಸಂಜೆ ಕಾರ್ಖಾನೆಯ ಗೇಟಿನ ಹೊರಗೆ ಚೀಲ ಹಿಡಿದು ಕಾಯುತ್ತಿದ್ದೆ. ಒಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಒಳಗೆ ಹೆಂಗಸರು ಸಾಲಾಗಿ ಕೂತು ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂದು ನಾನು ಒಂದು ದಿನವೂ ನೋಡಿದ್ದಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇಡೀ ಗೋಡಂಬಿಯೆಲ್ಲ ಡಬ್ಬದಲ್ಲಿ ಮುಚ್ಚಿ ವಿದೇಶಕ್ಕೆ ಹೋಗುತ್ತಿತ್ತು. ಚೌತಿಗೆ, ದೀಪಾವಳಿಗೆ ಕೆಲಸದವರಿಗೆ ತುಂಡು ಬೀಜ ಕೊಡುತ್ತಿದ್ದರು. ಚಿಕ್ಕಮ್ಮ ತಮ್ಮ ಪಾಲನ್ನು ಕಾಗದದ ಪೊಟ್ಟಣ ಕಟ್ಟಿ ತಂದು, ಪರೀಕ್ಷೆಯ ದಿನಗಳಲ್ಲಿ ಬೆಳಿಗ್ಗೆ ಒಂದು ಹಿಡಿ ನನ್ನ ಕೈಗೆ ಹಾಕುತ್ತಿದ್ದರು. ಗೋಡಂಬಿ ಎಂದರೆ ತುಂಡಾಗಿಯೇ ಬೆಳೆಯುವ ವಸ್ತು ಎಂದು ನಾನು ನಂಬಿದ್ದೆ. ಮಣಿಪಾಲದಲ್ಲಿ ಕಾಲೇಜು ಸೇರಿದ ವರ್ಷ ಸಹಪಾಠಿಯೊಬ್ಬನ ಅಕ್ಕನ ಮದುವೆಗೆ ಹೋಗಿದ್ದೆ. ಪಾಯಸದಲ್ಲಿ ಬೆಳ್ಳಗೆ, ಕೊಬ್ಬಿದ, ಬಾಗಿದ ಏನೋ ಒಂದು ಕಾಣಿಸಿತು. ಹುಳ ಎಂದುಕೊಂಡು ಯಾರಿಗೂ ಗೊತ್ತಾಗದಂತೆ ತೆಗೆದು ಎಲೆಯ ಕೊನೆಗೆ ಇಟ್ಟೆ. ಆಮೇಲೆ ಇನ್ನೊಂದು ಸಿಕ್ಕಿತು. ಅದನ್ನೂ ಇಟ್ಟೆ. ಪಕ್ಕದಲ್ಲಿದ್ದ ಮುದುಕರು, “ನಿಮಗೆ ಗೋಡಂಬಿ ಆಗುದಿಲ್ವಾ?” ಎಂದು ಕೇಳಿ, ನನ್ನ ಎಲೆಯಿಂದ ಎರಡನ್ನೂ ಎತ್ತಿಕೊಂಡು ತಿಂದರು.

ಪುಚೊಂಗಿಗೆ ಬಂದ ಚಿಕ್ಕಮ್ಮನಿಗೆ ಒಂದೇ ವಾರದಲ್ಲಿ ಬೇಸರ ಬಂತು. ಹನ್ನೊಂದನೇ ಮಹಡಿಯಲ್ಲಿ ಆರಿಸಲು ಏನೂ ಇಲ್ಲ. ಅಕ್ಕಿಯಲ್ಲಿ ಕಲ್ಲಿಲ್ಲ, ಬೇಳೆಯಲ್ಲಿ ಹುಳವಿಲ್ಲ. ತಡೆಯಲಾರದೆ, ಶುಭಾ ಸಾರಿಗೆಂದು ತಂದಿದ್ದ ಒಣಗಿದ ಸಣ್ಣ ಮೀನನ್ನು ಮೊರದಲ್ಲಿ ಹರಡಿ, ಉದ್ದ ನೋಡಿ ಮೂರು ದರ್ಜೆ ಮಾಡಿ, ಮೂರು ಬಾಟಲಿಗೆ ತುಂಬಿಸಿದರು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು, “ಅಪ್ಪ, ಶಿ ನೀಡ್ಸ್ ಎ ಹಾಬಿ ಲಾ,” ಎಂದಳು. ಆಯ್ಕೆಯ ಹಿಂದಿನ ದಿನ, ಶನಿವಾರ, ನಾನು ಚಿಕ್ಕಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಮೈದಾನಕ್ಕೆ ಹೋದೆ.

ಮೇಜಿನ ಮೇಲೆ ನೀಲಿ ಪೆಟ್ಟಿಗೆ ತೆರೆದಿತ್ತು. ಮೇಜರ್ ಎದುರಿಗೇ ಇದ್ದರು. ಚಿಕ್ಕಮ್ಮ ಒಂದು ಗುಂಡನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ಉರುಳಿಸಿದರು.

“ಇದಕ್ಕೆ ಎಷ್ಟು ನಂಬ್ರ?”

“ನೂರೈವತ್ತೈದು, ಚಿಕ್ಕಮ್ಮ.”

“ಪೌಂಡಿಗೆ ನೂರೈವತ್ತೈದಾ? ಸುಳ್ಳು.” ಗೇರುಬೀಜದ ದರ್ಜೆ ಹಾಗೆ. ಒಂದು ಪೌಂಡಿಗೆ ನೂರೆಂಬತ್ತು ಬೀಜ ತೂಗಿದರೆ ಅದು ನೂರೆಂಬತ್ತರ ದರ್ಜೆ, ಇನ್ನೂರನಲವತ್ತು ತೂಗಿದರೆ ಇನ್ನೂರನಲವತ್ತರದು. ಚಿಕ್ಕಮ್ಮ ನಾಲ್ಕೈದು ಗುಂಡುಗಳನ್ನು ಅಂಗೈಯಲ್ಲಿ ಹಾಕಿ ಎರಡು ಸಲ ಕುಣಿಸಿದರು. “ಯಾರೋ ನಿಂಗೆ ಮೋಸ ಮಾಡಿದ್ದಾರೆ ಮಗಾ. ಇದು ಪೌಂಡಿಗೆ ಐವತ್ತೂ ಬರ್ಲಿಕ್ಕಿಲ್ಲ. ನಲವತ್ನಾಲ್ಕೋ ನಲವತ್ತೈದೋ ಬಂದೀತು, ಅಷ್ಟೆ.”

ನಾನು ನಗುತ್ತಾ ಮೇಜರಿಗೆ ಹೇಳಿದೆ. ಮೇಜರ್ ನಗಲಿಲ್ಲ. ಫೋನು ತೆಗೆದು ಲೆಕ್ಕ ಹಾಕಿದರು. ಪೌಂಡಿಗೆ ಏಳು ಸಾವಿರ ಗ್ರೇನ್, ಅದನ್ನು ನೂರೈವತ್ತೈದರಿಂದ ಭಾಗಿಸಿದರೆ ನಲವತ್ತೈದು. ಅವರು ಎದ್ದು ನಿಂತು ಕುರ್ಚಿಯನ್ನು ಚಿಕ್ಕಮ್ಮನ ಕಡೆಗೆ ಸರಿಸಿದರು.

“ಆಂಟಿ, ಪ್ಲೀಸ್. ಸಿಟ್ ಲಾ.”

ಚಿಕ್ಕಮ್ಮ ಕೂತರು. ತೆಂಗಿನಹಾಲಿನ ಅನ್ನ ನಾಸಿ ಲೆಮಾಕ್ ತಿಂದು ತೊಳೆದಿಟ್ಟಿದ್ದ ಎರಡು ತಪಾವ್ ಡಬ್ಬಿ ಅಲ್ಲಿದ್ದವು. ಅವನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡು, ನೂರು ಗುಂಡುಗಳನ್ನು ಮೇಜಿನ ಬಟ್ಟೆಯ ಮೇಲೆ ಸುರಿದರು. ಮೇಜರರ ಕಾವಲಿನಲ್ಲಿ ಅವರನ್ನು ಬಿಟ್ಟು ನಾನು ಚಹಾ ತರಲು ಕ್ಯಾಂಟೀನಿಗೆ ಹೋದೆ. ಹಿಂದಿರುಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಚಿಕ್ಕಮ್ಮ ಕೈ ತೊಳೆಯಲು ಹೋಗಿದ್ದರು. ಎಡಗಡೆಯ ಡಬ್ಬಿ ತುಂಬಿತ್ತು, ಬಲಗಡೆಯ ಡಬ್ಬಿಯಲ್ಲಿ ಎಣಿಸಿದರೆ ಹದಿನೈದು.

ನನಗೆ ಕಣ್ಣು ತುಂಬಿ ಬಂತು. ನೂರರಲ್ಲಿ ಹದಿನೈದೇ ಪಾಸು! ಇದು ಚಿಕ್ಕಮ್ಮನ ಮಟ್ಟ! ನಾಲ್ಕು ತಿಂಗಳು ತಕ್ಕಡಿಯ ಮುಂದೆ ಕೂತು ನಾನು ಕಂಡುಹಿಡಿಯಲಾಗದ್ದನ್ನು ಆಕೆ ಒಂದು ಚಹಾ ಆಗುವಷ್ಟರಲ್ಲಿ ಕಂಡುಹಿಡಿದಿದ್ದರು. ಬಲಗಡೆಯದೇ ಒಳ್ಳೆಯದು ಎಂಬುದರಲ್ಲಿ ನನಗೆ ಸಂಶಯವೇ ಬರಲಿಲ್ಲ. ಊಟ ಬಲಗೈಯಲ್ಲಿ, ಹೊಸಿಲು ದಾಟುವುದು ಬಲಗಾಲಿಟ್ಟು, ದೇವರ ಹೂ ಬಲಕ್ಕೆ ಬಿದ್ದರೆ ಶುಭ. ಎಡಗೈಯಲ್ಲಿ ಪ್ರಸಾದ ತೆಗೆದುಕೊಂಡದ್ದಕ್ಕೆ ನನ್ನ ಬೆನ್ನಿಗೆ ಗುದ್ದಿದವರು ಇದೇ ಚಿಕ್ಕಮ್ಮ. ಕೇಳುವುದೇನು ಬಂತು? ಹದಿನೈದರಲ್ಲಿ ಹನ್ನೆರಡನ್ನು ಎಣಿಸಿ ಮೇಜರಿಗೆ ಕೊಟ್ಟೆ. ಹತ್ತು ಅಂಕಕ್ಕೆ, ಎರಡು ಗುರಿ ಸರಿಮಾಡಿಕೊಳ್ಳಲು. ಮೇಜರ್ ಒಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಹುಬ್ಬೇರಿಸಿದರು.

“ಶ್ಯೂರ್?”

“ಆಂಟಿಯ ಆಯ್ಕೆ,” ಎಂದೆ.

“ಓಕೆ ಲಾ,” ಎಂದು ಅವರು ಮದ್ದಿನ ಕೋಣೆಗೆ ಹೋದರು.

ಭಾನುವಾರ ಬೆಳಿಗ್ಗೆ ನಾನು ಮೈದಾನದಲ್ಲಿ ಬೋರಲು ಮಲಗಿದ್ದು ಬೇರೆಯೇ ಮನುಷ್ಯನಾಗಿ. ಮೊದಲೆಲ್ಲ ರೈಫಲಿನ ಕುದುರೆ ಎಳೆಯುವಾಗ ತಲೆಯಲ್ಲಿ ಇರುತ್ತಿದ್ದದ್ದು ಗುಂಡು. ಇದರ ತೂಕ ಹೆಚ್ಚೋ ಕಡಿಮೆಯೋ, ಮೂತಿ ಸರಿಯಿದೆಯೋ, ನೀಲಿಯ ಬದಲು ಕೆಂಪು ಹಾಕಬೇಕಿತ್ತೋ. ಆ ದಿನ ಗುಂಡಿನ ಚಿಂತೆ ಚಿಕ್ಕಮ್ಮನದು. ನನಗೆ ಉಳಿದದ್ದು ಗಾಳಿಯ ಬಾವುಟ, ನನ್ನ ಉಸಿರು, ಆ ಕಪ್ಪು ವೃತ್ತ ಇಷ್ಟೇ. ಐದು. ಐದು. ನಾಲ್ಕು. ಐದು. ನಾಲ್ಕು. ಐದು. ಹಲಗೆ ಕೆಳಗಿಳಿದು ಮೇಲೇರುವಾಗಲೆಲ್ಲ ಹೊಂಡದಲ್ಲಿ ಎಳೆಯುತ್ತಿರುವ ಬಡಪಾಯಿಯ ನೆನಪಾಗಿ ಮನಸ್ಸಿನಲ್ಲೇ ಕೈ ಮುಗಿದೆ.

ಆರು ಗುಂಡು ಮುಗಿದಾಗ ಒಂದು ಉಡ ಮೈದಾನಕ್ಕೆ ಬಂತು. ಇಲ್ಲಿಯ ಉಡಗಳು ಮೊಸಳೆಯ ಮರಿಯಷ್ಟು ದೊಡ್ಡವು. ಅದು ಹಲಗೆಗಳ ಮುಂದೆ ಬಂದು ಬಿಸಿಲಿಗೆ ಮೈ ಚಾಚಿತು. ಕೆಂಪು ಬಾವುಟ ಬೀಸಿ ಎಲ್ಲರನ್ನೂ ನಿಲ್ಲಿಸಿದರು. ಹತ್ತು ನಿಮಿಷ ಯಾರೂ ಕೈ ಆಡಿಸುವಂತಿಲ್ಲ. ಬೇರೆ ದಿನವಾಗಿದ್ದರೆ ಆ ಹತ್ತು ನಿಮಿಷದಲ್ಲಿ ನಾನು ಬೆವರಿ ಕರಗಿ ಹೋಗುತ್ತಿದ್ದೆ. ಹಿಂದೆ ಚಪ್ಪರದಲ್ಲಿ ಚಿಕ್ಕಮ್ಮನ ಸ್ವರ ಕೇಳಿಸುತ್ತಿತ್ತು. “ಅಯ್ಯೋ, ಅದಕ್ಕೆ ಹೊಟ್ಟೆ ತುಂಬಿದೆ ಮಾರಾಯ್ರೆ, ಈಗ ಏಳುದಿಲ್ಲ ಅದು,” ಎಂದು ಕನ್ನಡ ಬಾರದ ಇಬ್ಬರು ಚೀನೀ ಹುಡುಗರಿಗೆ ವಿವರಿಸುತ್ತಿದ್ದರು. ನನಗೆ ಮಲಗಿದಲ್ಲೇ ನಗು ಬಂತು. ಉಡ ಎದ್ದು ಹೋಯಿತು. ಐದು. ನಾಲ್ಕು. ಐದು. ಐದು.

ಒಟ್ಟು ನಲವತ್ತೇಳು.

ನಾನು ಎದ್ದು ನಿಂತೆ. ಯಾರೋ ಬೆನ್ನು ತಟ್ಟಿದರು. ಕ್ಯಾಂಟೀನಿನಲ್ಲಿ ಎಲ್ಲರಿಗೂ ನೊರೆ ಬರಿಸಿದ ಚಹಾ ಬಂತು. ಮೇಜರ್ ಹಳದಿ ಟೋಪಿಯೊಂದನ್ನು ತಂದು ಮೇಜಿನ ಮೇಲಿಟ್ಟು, ಪಂದ್ಯದ ಗುಂಡುಗಳನ್ನೆಲ್ಲ ಇನ್ನು ಮುಂದೆ ಆಂಟಿಯೇ ಆರಿಸಬೇಕು, ಅವರ ವೀಸಾ ಮುಗಿಯುವುದರೊಳಗೆ ಇಡೀ ಕ್ಲಬ್ಬು ಕಲಿತುಕೊಳ್ಳಬೇಕು ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಮೇಜರ್ ಉಳಿದ ಗುಂಡುಗಳನ್ನು ರಿಜಿಸ್ಟರಿಗೆ ಏರಿಸಲೆಂದು ಎರಡು ಡಬ್ಬಿಗಳನ್ನೂ ತಂದು ಎಣಿಸತೊಡಗಿದರು. ಬಲಗಡೆಯದರಲ್ಲಿ ಮೂರು. ಎಡಗಡೆಯದರಲ್ಲಿ ಎಂಬತ್ತೈದು.

ಚಿಕ್ಕಮ್ಮ ಚಹಾದ ಗ್ಲಾಸು ಕೆಳಗಿಟ್ಟರು.

“ಅಲ್ಲ ಮಗಾ, ಒಳ್ಳೆದೆಲ್ಲ ಹಾಗೇ ಉಂಟಲ್ಲ? ಅದನ್ನು ಯಾರಿಗೆ ಇಟ್ಟದ್ದು?”

“ಒಳ್ಳೆಯದು ಬಲಗಡೆ ಅಲ್ವಾ ಚಿಕ್ಕಮ್ಮ?”

“ಬಲಗಡೆಯಾ? ನಿಂಗೆ ಮರುಳಾ? ಒಳ್ಳೆದು ರಾಶಿ ಇರ್ತದೆ. ಅದನ್ನು ಎಡಗೈಯಲ್ಲಿ ಸುಮ್ಮನೆ ತಳ್ಳಿಕೊಂಡು ಹೋಗುದು. ಹಾಳಾದ್ದು ಅಡಗಿ ಕೂತಿರ್ತದೆ, ಅದನ್ನು ಹೆಕ್ಕಿ ತೆಗೀಲಿಕ್ಕೆ ಬಲಗೈ ಬೇಕು. ನಾವು ಕಾರ್ಖಾನೆಯಲ್ಲಿ ಮಾಡುದೇ ಹಾಗೆ. ನೀನು ಹೊಡೆದದ್ದು ಅಷ್ಟೂ ಮೂತಿ ಸೊಟ್ಟಗಾದದ್ದು, ಕರಟಿದ ಬಣ್ಣದ್ದು!”

ಕ್ಯಾಂಟೀನಿನ ಫ್ಯಾನು ತಿರುಗುತ್ತಿತ್ತು. ಟೋಪಿ ನನ್ನ ಮುಂದೆಯೇ ಇತ್ತು. ಅಲ್ಲಿ ಕನ್ನಡ ಬರುವವರು ನಾವಿಬ್ಬರೇ. ಚಿಕ್ಕಮ್ಮನ ಮುಖವನ್ನೂ ನನ್ನ ಮುಖವನ್ನೂ ನೋಡಿ ಮೇಜರ್, “ಆಂಟಿ ಏನ್ ಹೇಳ್ತಿದಾರೆ?” ಎಂದು ಕೇಳಿದರು. ಚಹಾ ಚೆನ್ನಾಗಿದೆಯಂತೆ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಎಡಗೈಯ ಪ್ರಸಾದಕ್ಕೆ ಗುದ್ದಿದ ಕೈ ಪಕ್ಕದಲ್ಲೇ ಇತ್ತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಡೀ ಕ್ಲಬ್ಬಿನಲ್ಲಿ ಕಸದ ಗುಂಡು ಹೊಡೆದವನು ನಾನೊಬ್ಬನೇ, ನಾಲ್ಕು ತಿಂಗಳು ನೀಲಿಯೋ ಕೆಂಪೋ ಎಂದು ತಲೆ ತಿಂದವನೂ ನಾನೇ ಎಂದೆ. ಟೋಪಿಯನ್ನು ಮೇಜರ್ ಕಡೆಗೆ ತಳ್ಳಿದೆ.

ಮೇಜರರ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ. ನಗುನಗುತ್ತಾ ಅವರಿಗೆ ಕೆಮ್ಮು ಬಂತು, ನೀರು ಕೊಡಬೇಕಾಯಿತು. “ಡಾಕ್ಟರ್,” ಎಂದರು ಕೊನೆಗೆ ಕಣ್ಣೊರೆಸಿಕೊಂಡು, “ನಿಂಗೆ ಒಳ್ಳೆ ಬುಲೆಟ್ ಕೊಟ್ರೆ ನಲವತ್ತೊಂದು. ಕೆಟ್ಟ ಬುಲೆಟ್ ಕೊಟ್ರೆ ನಲವತ್ತೇಳು. ನಾನು ಯಾವ್ದು ಕೊಡ್ಲಿ ಹೇಳು ಲಾ?” ಟೋಪಿಯನ್ನು ಮತ್ತೆ ನನ್ನ ಕಡೆಗೇ ನೂಕಿದರು.

ನಾನು ಅದನ್ನು ಮುಟ್ಟಲಿಲ್ಲ. ಕೊನೆಗೂ ಲೆಕ್ಕಕ್ಕೆ ಬಂದದ್ದು ಹೀಗೆ, ಹೆಕ್ಕಿ ಎಸೆದದ್ದನ್ನು ಹೊಡೆದು ಎಂದು ನಾಚಿಕೆಯಾಗುತ್ತಿತ್ತು.

ಚಿಕ್ಕಮ್ಮ ಬಲಗಡೆಯ ಡಬ್ಬಿಯಲ್ಲಿ ಉಳಿದಿದ್ದ ಮೂರು ಗುಂಡುಗಳನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ಹೇಳಿದರು.

“ಇಡೀ ಬೀಜ ಎಲ್ಲ ಫಾರಿನ್ನಿಗೆ ಹೋಯ್ತು, ತುಂಡು ಬೀಜ ನಿನ್ನ ಹೊಟ್ಟೆಗೆ ಹೋಯ್ತು. ಈಗ ಫಾರಿನ್ನಿನಲ್ಲಿ ಡಾಕ್ಟ್ರಾಗಿ ಕೂತದ್ದು ಯಾರು? ತುಂಡು ಅಂತ ಆಗ ನಿಂಗೆ ನಾಚಿಕೆ ಆಗ್ಲಿಲ್ಲ, ಇನ್ನೊಂದು ಹಿಡಿ ಕೊಡು ಅಂತ ಕೈ ಚಾಚ್ತಿದ್ದಿ. ಈಗ ಎಂತಕ್ಕೆ? ತಕೋ, ಹಾಕಿಕೋ ಅದನ್ನು.”

ಮೇಜರ್ ಮತ್ತೆ ಕೇಳಿದರು, ಆಂಟಿ ಏನು ಹೇಳಿದರು ಎಂದು. ಆ ಒಂದು ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಬದಲು ನಾನು ಟೋಪಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡೆ. ಅಳತೆ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು, ಚಿಕ್ಕಮ್ಮ ಬಲಗೈ ಚಾಚಿ ಅದನ್ನು ಸರಿಮಾಡಿದರು.